ಸಚೇತಕನ ಆಜ್ಞೆಯ ಆಚೆಗಿನ ಮೂರು ಆಸನಗಳು

ಪಾರ್ಲಿಮೆಂಟು ಪಕ್ಷಗಳ ಮೂಲಕ ನಡೆಯುತ್ತದೆಂಬುದು ಈಗ ಎಲ್ಲರೂ ಒಪ್ಪಿದ ಮಾತು. ಸಭಾನಾಯಕ, ವಿರೋಧ ಪಕ್ಷದ ನಾಯಕ, ಸಚೇತಕ ಇವರ ಮೇಲೆಯೇ ಉಭಯ ಸದನಗಳ ದಿನಚರಿ ನಿಂತಿದೆ. ಆದರೆ ನಮ್ಮ ಸಂವಿಧಾನದ ಮೂಲಪಾಠದಲ್ಲಿ ರಾಜಕೀಯ ಪಕ್ಷವೆಂಬ ಮಾತೇ ಇರಲಿಲ್ಲ. ಅದು ಬಂದದ್ದು 1985ರಲ್ಲಿ, ಪಕ್ಷಾಂತರವನ್ನು ತಡೆಯುವ ಹತ್ತನೆಯ ಅನುಸೂಚಿಯೊಡನೆ. ಅಂದಿನಿಂದ ಪಕ್ಷದ ಆಜ್ಞೆಯನ್ನು ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು.

ಆ ಅನುಸೂಚಿ ಮೂರು ಬಗೆಯ ಸದಸ್ಯರನ್ನು ಬೇರೆಯಾಗಿ ಗುರುತಿಸುತ್ತದೆ: ಪೀಠದಲ್ಲಿ ಕುಳಿತವರು, ಪಕ್ಷೇತರರು, ನಾಮನಿರ್ದೇಶಿತರು. ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿಯನ್ನೊಳಗೊಂಡ ಕೆನರಾ ಲೋಕಸಭಾ ಕ್ಷೇತ್ರದ ಚರಿತ್ರೆಯನ್ನು ನೋಡಿದರೆ, ಈ ಮೂರೂ ಪಾತ್ರಗಳು 1968-69ರಲ್ಲಿ ಒಟ್ಟಿಗೇ ಕಾಣಿಸುತ್ತವೆ.

ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, 1952ರ ಪ್ರಥಮ ಮಹಾಚುನಾವಣೆಯಲ್ಲಿ, ಇಲ್ಲಿಂದ ಆರಿಸಿಹೋದವರು ಕಾಂಗ್ರೆಸ್ಸಿನ ಜೋಕಿಂ ಆಳ್ವರು. 1957 ಮತ್ತು 1962ರಲ್ಲಿಯೂ ಅವರೇ ಗೆದ್ದರು. ಅವರ ಪತ್ನಿ ವಯೊಲೆಟ್ ಆಳ್ವರು 1952ರಿಂದಲೇ ರಾಜ್ಯಸಭೆಯಲ್ಲಿದ್ದರು. ಮೊದಲು ಮುಂಬಯಿಯಿಂದ, 1960ರ ತರುವಾಯ ಮೈಸೂರು ರಾಜ್ಯದಿಂದ. 1962ರಲ್ಲಿ ಅವರು ರಾಜ್ಯಸಭೆಯ ಉಪಸಭಾಪತಿಗಳಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು.

1967ರಲ್ಲಿ ಕೆನರಾದ ಮತದಾರರು ಪಕ್ಷವನ್ನು ಬದಿಗಿಟ್ಟು ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳುಹಿಸಿದರು. ಅವರು ಚುಟುಕಗಳ ಕವಿ. ರೈತರ ಪರವಾಗಿ ಹೋರಾಡಿದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯಲ್ಲಿ ವಿದ್ಯೆ ಹಬ್ಬಿಸಿದವರು. ಮರುವರ್ಷ ಜೋಕಿಂ ಆಳ್ವರು ರಾಷ್ಟ್ರಪತಿಗಳ ನಾಮನಿರ್ದೇಶನದಿಂದ ರಾಜ್ಯಸಭೆಗೆ ಬಂದರು. ಪತ್ನಿ ಪೀಠದಲ್ಲಿ, ಪತಿ ಸದನದಲ್ಲಿ!

ಈ ಮೂರು ಆಸನಗಳಿಗೂ ಒಂದು ಬಗೆಯ ಸ್ವಾತಂತ್ರ್ಯವಿದೆ, ಒಂದೊಂದು ಬೆಲೆಯೂ ಇದೆ. ಪೀಠಸ್ಥರು ಎಲ್ಲ ಪಕ್ಷಗಳಿಗೂ ಸಮಾನರು. ಆದರೆ ಅವರಿಗೆ ವಾದ ಹೂಡುವ ಅವಕಾಶವಿಲ್ಲ, ಮತಗಳು ಸಮವಾದಾಗ ಮಾತ್ರ ನಿರ್ಣಾಯಕ ಮತ. ಪಕ್ಷೇತರನಿಗೆ ಯಾವ ಸಚೇತಕನ ಹಂಗೂ ಇಲ್ಲ. ಆದರೆ ಚರ್ಚೆಯ ಹೊತ್ತನ್ನು ಪಕ್ಷಗಳ ಸಂಖ್ಯಾಬಲ ನೋಡಿ ಹಂಚುವಲ್ಲಿ ಒಂಟಿ ಸದಸ್ಯನ ಪಾಲು ಅತ್ಯಲ್ಪ. ನಾಮನಿರ್ದೇಶಿತನಿಗೆ ಮತದಾರರನ್ನು ಓಲೈಸುವ ಕಷ್ಟವಿಲ್ಲ; ಆದರೆ ರಾಷ್ಟ್ರಪತಿಯ ಚುನಾವಣೆಯಲ್ಲಿ ಮತದ ಹಕ್ಕೂ ಇಲ್ಲ.

ಇದರ ಪರೀಕ್ಷೆ 1969ರಲ್ಲಿಯೇ ಒದಗಿತು. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಉಪರಾಷ್ಟ್ರಪತಿ ಗಿರಿಯವರು ಅವರ ಸ್ಥಾನದಲ್ಲಿ ಕಾರ್ಯನಿರ್ವಹಿಸತೊಡಗಿದ್ದರಿಂದ, ರಾಜ್ಯಸಭೆಯ ಸಭಾಪತಿಯ ಕರ್ತವ್ಯ ವಯೊಲೆಟ್ ಆಳ್ವರಿಗೆ ಬಂತು. ಆಗಸ್ಟಿನ ರಾಷ್ಟ್ರಪತಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿಯವರನ್ನು ಗಿರಿಯವರು ಸೋಲಿಸಿದರು. ಸದಸ್ಯರು ಅಂತಃಸಾಕ್ಷಿಯಂತೆ ಮತ ನೀಡಲೆಂಬ ಕರೆ ಅಂದು ಕೇಳಿಬಂದಿತ್ತು. ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ಅದೇ ತಿಂಗಳ 16ರಂದು ವಯೊಲೆಟ್ ಆಳ್ವರು ಪೀಠ ತ್ಯಜಿಸಿದರು, 20ರಂದು ನಿಧನರಾದರು.

ಒಡಕಿನಿಂದ ಹೊಸದೊಂದು ಪಾತ್ರವೂ ಹುಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ರಾಮ್ ಸುಭಗ್ ಸಿಂಗ್, ರಾಜ್ಯಸಭೆಯಲ್ಲಿ ಶ್ಯಾಮನಂದನ ಮಿಶ್ರ ಇವರಿಗೆ ವಿರೋಧ ಪಕ್ಷದ ನಾಯಕರೆಂಬ ಅಧಿಕೃತ ಮನ್ನಣೆ ಮೊದಲ ಬಾರಿಗೆ ದೊರಕಿತು. 1977ರ ಕಾಯಿದೆ ಆ ಸ್ಥಾನಕ್ಕೆ ಶಾಸನದ ಬಲ ತಂದಿತು.

ಪಕ್ಷಗಳಿಲ್ಲದೆ ಸರಕಾರ ನಿಲ್ಲದು, ನಿಜ. ಆಯಾರಾಮರ ಕಾಲದ ಪಕ್ಷಾಂತರದ ಪಿಡುಗನ್ನು ನೆನೆದರೆ ಕಟ್ಟುಪಾಡು ಬೇಕೇ ಬೇಕೆನಿಸುತ್ತದೆ. ಆದರೆ ಶರಾವತಿಯ ಕೂಡುತೀರದ ಬೆಸ್ತನಾಗಲಿ ಕುಮಟೆಯ ಗದ್ದೆಯ ಒಕ್ಕಲಾಗಲಿ ಮತ ಹಾಕುವಾಗ ನೆಚ್ಚುವುದು ಒಬ್ಬ ಮನುಷ್ಯನ ವಿವೇಚನೆಯನ್ನೂ ಹೌದು. ಸರಕಾರದ ಅಳಿವು ಉಳಿವಿನ ಪ್ರಶ್ನೆಯಲ್ಲಿ ಪಕ್ಷದ ಆಜ್ಞೆ ನಡೆಯಲಿ. ಉಳಿದ ವಿಷಯಗಳಲ್ಲಾದರೂ ಆ ವಿವೇಚನೆಗೆ ಎಡೆಯಿರದಿದ್ದರೆ, ನಾವು ಕಳುಹಿಸುವುದು ಪ್ರತಿನಿಧಿಯನ್ನಲ್ಲ, ಬರಿಯ ಒಂದು ಎಣಿಕೆಯನ್ನು.