ಚಟ್ಟನೂಗದ ಹೊಳೆದಂಡೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಬೆಟ್ಟಗಳಿಗೆ ಮಾತ್ರವಲ್ಲ, ಪ್ರವಾಸಿಗಳು ಹುಡುಕಿಕೊಂಡು ಹೋಗುವ ಊರುಗಳಿಗೂ ಸಲ್ಲುತ್ತದೆ. ಅಮೆರಿಕದ ಟೆನ್ನೆಸೀ ಸಂಸ್ಥಾನದ ದಕ್ಷಿಣದ ಅಂಚಿನಲ್ಲಿ, ಅದೇ ಹೆಸರಿನ ನದಿಯ ತಿರುವಿನಲ್ಲಿ ಕುಳಿತಿರುವ ಚಟ್ಟನೂಗ ಅಂಥದೊಂದು ಊರು. ಎರಡು ಲಕ್ಷಕ್ಕೆ ತುಸು ಕಡಿಮೆ ಜನ. ಬೆಟ್ಟ, ಗವಿ, ಹೊಳೆ, ಸೇತುವೆ ಎಲ್ಲವೂ ಕೈಯಳತೆಯಲ್ಲಿವೆ. ಮಕ್ಕಳುಮರಿಗಳೊಡನೆ ಹೋಗುವವರಿಗೆ ಹೇಳಿ ಮಾಡಿಸಿದ ಸ್ಥಳ. ಆದರೆ ನಾಲ್ಕು ದಿನ ಅಲ್ಲಿ ಅಡ್ಡಾಡಿದ ಮೇಲೆ ನನಗೆ ತೋರಿದ್ದು ಇದು: ಆ ಊರಿನಲ್ಲಿ ಜನ ನೋಡಿ ನಲಿಯುವ ಸ್ಥಳಗಳೂ ನೊಂದವರ ಸ್ಥಳಗಳೂ ಬೇರೆ ಬೇರೆಯಲ್ಲ.

ಎಲ್ಲರೂ ಮೊದಲು ಏರುವುದು ಲುಕೌಟ್ ಬೆಟ್ಟವನ್ನು. 1895ರಲ್ಲಿ ಹಾಕಿದ ಪುಟ್ಟ ರೈಲು ಉಕ್ಕಿನ ಹಗ್ಗದ ಎಳೆತದಿಂದ ಮೇಲೇರುತ್ತದೆ. ತೀರ ಕಡಿದಾದ ಕಡೆ ನೂರಡಿ ಮುಂದೆ ಸರಿಯುವಷ್ಟರಲ್ಲಿ 72 ಅಡಿ ಎತ್ತರಕ್ಕೆ ಹೋಗಿರುತ್ತದೆ. ಬೆಟ್ಟದ ಹೊಟ್ಟೆಯಲ್ಲಿ ಒಂದು ಜಲಪಾತವಿದೆ. ಲಿಯೊ ಲ್ಯಾಂಬರ್ಟ್ ಎಂಬಾತ 1928ರಲ್ಲಿ ಹಳೆಯ ಗವಿಯೊಂದಕ್ಕೆ ದಾರಿ ಕೊರೆಯಿಸುತ್ತಿದ್ದಾಗ ಬೇರೊಂದು ಗವಿ ಕಣ್ಣಿಗೆ ಬಿತ್ತು. ಅದರೊಳಗೆ ತೆವಳಿ ಹೋದವನಿಗೆ 145 ಅಡಿ ಧುಮುಕುವ ನೀರು ಕಂಡಿತು. ಅದಕ್ಕೆ ಹೆಂಡತಿ ರೂಬಿಯ ಹೆಸರನ್ನಿಟ್ಟ. ಬೆಟ್ಟದ ಮೇಲೆ, ಜಾರ್ಜಿಯದ ಗಡಿಯೊಳಗೆ, 1932ರಲ್ಲಿ ತೆರೆದ ‘ರಾಕ್ ಸಿಟಿ’ ಎಂಬ ಬಂಡೆಗಳ ತೋಟವಿದೆ. ಅದನ್ನು ನೋಡಿರೆಂಬ ಕರೆಯನ್ನು ಆ ಕಾಲದಲ್ಲಿ ರೈತರ ಕಣಜದ ಮನೆಗಳ ಮಾಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿದ್ದರಂತೆ.

ಇದೇ ಬೆಟ್ಟದ ಇಳಿಜಾರಿನಲ್ಲಿ 1863ರ ನವೆಂಬರ್ 24ರಂದು ಅಂತರ್ಯುದ್ಧದ ಒಂದು ಕದನ ನಡೆಯಿತು. ಸೆಪ್ಟೆಂಬರಿನಲ್ಲಿ ಚಿಕಮಾಗ ಎಂಬಲ್ಲಿ ಸೋತ ಉತ್ತರದ ಸೈನ್ಯ ಊರೊಳಗೆ ಸಿಕ್ಕಿಬಿದ್ದು, ಅನ್ನಕ್ಕೂ ಪರದಾಡುತ್ತಿತ್ತು. ಆ ದಿನ ಮಂಜು ಕವಿದ ಬೆಟ್ಟವನ್ನು ಅದರ ಪಡೆಗಳು ಏರಿದವು. ‘ಮೋಡಗಳ ಮೇಲಿನ ಕದನ’ವೆಂದು ಅದಕ್ಕೆ ಹೆಸರಾಯಿತು. ಮರುದಿನ ಮಿಷನರಿ ರಿಜ್ ಎಂಬ ಸಾಲುಗುಡ್ಡವೂ ವಶವಾಗಿ, ದಕ್ಷಿಣದ ಒಡಲಿಗೆ ದಾರಿ ತೆರೆಯಿತು. ಮುಂದೆ 1890ರಲ್ಲಿ ಎರಡೂ ಕಡೆಯ ಹಳೆಯ ಯೋಧರು ಸೇರಿ ಯತ್ನಿಸಿ, ಈ ರಣರಂಗಗಳನ್ನು ಅಮೆರಿಕದ ಮೊದಲ ಸೈನಿಕ ಸ್ಮಾರಕವನವನ್ನಾಗಿ ಮಾಡಿಸಿದರು. ಆಯುಧ ಹಿಡಿದು ಮಡಿದವರಿಗೆ ಕಲ್ಲು ನಿಲ್ಲಲು ಮೂವತ್ತು ವರ್ಷ ಸಾಕಾಯಿತು. ಆಯುಧವಿಲ್ಲದೆ ಹೋದವರು ಬಹಳ ಕಾಲ ಕಾಯಬೇಕಾಯಿತು.

ಅಂಥವರ ನೆಲೆ ಹೊಳೆದಂಡೆಯಲ್ಲಿದೆ. ಚೆರೋಕಿ ಜನಾಂಗದ ಜಾನ್ ರಾಸ್ ಸುಮಾರು 1816ರಲ್ಲಿ ಇಲ್ಲೊಂದು ದೋಣಿಕಟ್ಟೆ, ಒಂದು ವ್ಯಾಪಾರದ ಮಳಿಗೆ ನಡೆಸತೊಡಗಿದ. ಊರಿಗೆ ಮೂಲ ಅದೇ. ಮುಂದೆ ಅವನು ತನ್ನ ಜನಾಂಗದ ಮುಖ್ಯನಾದ. ಆ ಜನಕ್ಕೆ ಸ್ವಂತ ಲಿಪಿಯಿತ್ತು. ಸೆಕ್ವೋಯಾ ಎಂಬವನು ರಚಿಸಿದ ಆ ಲಿಪಿಯಲ್ಲಿ ಒಂದೊಂದು ಗುರುತೂ ನಮ್ಮ ಕಾಗುಣಿತದಂತೆ ಒಂದೊಂದು ಪೂರ್ಣಾಕ್ಷರ. 1828ರಿಂದ ಅದರಲ್ಲಿ ಪತ್ರಿಕೆಯೂ ಅಚ್ಚಾಗುತ್ತಿತ್ತು. ಕನ್ನಡ ಪಾಠ ಹೇಳುವ ನನಗೆ ಈ ಸಂಗತಿ ಮನಸ್ಸಿಗೆ ತಾಗಿತು. ಓದುಬರಹವಾಗಲಿ ರಾಜ್ಯಾಂಗವಾಗಲಿ ಅವರನ್ನು ಕಾಪಾಡಲಿಲ್ಲ. 1838ರಲ್ಲಿ ಸೈನಿಕರು ಅವರನ್ನು ಮನೆಗಳಿಂದೆಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ಮೊದಲ ತಂಡಗಳು ರಾಸ್ ಕಟ್ಟೆಯಿಂದಲೇ ದೋಣಿಯಲ್ಲಿ ಹೊರಟವು. ಹೊರದೂಡಲ್ಪಟ್ಟವರು ಸುಮಾರು 16 ಸಾವಿರ. ಸತ್ತವರು ನಾಲ್ಕು ಸಾವಿರದಷ್ಟೆಂದು ಸಾಮಾನ್ಯವಾಗಿ ಹೇಳುವ ಅಂದಾಜು. ರಾಸನ ಹೆಂಡತಿಯೂ ದಾರಿಯಲ್ಲಿ ತೀರಿಕೊಂಡಳು. ಅದೇ ವರ್ಷ ಊರಿನ ಹೆಸರು ಬದಲಾಯಿತು.

1969ರಲ್ಲಿ ಇಡೀ ದೇಶದಲ್ಲೇ ಅತಿ ಕೊಳಕು ಗಾಳಿಯ ಊರೆನಿಸಿಕೊಂಡ ಚಟ್ಟನೂಗ, ಮೆಲ್ಲಮೆಲ್ಲನೆ ಕಾರ್ಖಾನೆಗಳ ಹೊಗೆಯನ್ನು ತೊಳೆದುಕೊಂಡು ಹೊಳೆಯ ಕಡೆಗೆ ಮುಖ ತಿರುಗಿಸಿತು. 1992ರಲ್ಲಿ ದಂಡೆಯ ಮೇಲೆ ದೊಡ್ಡ ಮತ್ಸ್ಯಾಲಯ ತೆರೆಯಿತು. ಅದರ ಪಕ್ಕದಲ್ಲಿ 2005ರಲ್ಲಿ ಚೆರೋಕಿ ಕಲಾವಿದರು ಒಂದು ಸ್ಮಾರಕವನ್ನು ನಿರ್ಮಿಸಿದರು: ಗೋಡೆಯ ಮೇಲೆ ಸುಟ್ಟ ಮಣ್ಣಿನ ಏಳು ದೊಡ್ಡ ಬಿಲ್ಲೆಗಳು, ನದಿಯ ಕಡೆಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವ ನೀರು. ಆ ನೀರಿನಲ್ಲಿ ಮಕ್ಕಳು ಆಡುತ್ತಾರೆ.

ಅಲ್ಲಿಂದ ಹತ್ತು ಹೆಜ್ಜೆ ನಡೆದರೆ ವಾಲ್ನಟ್ ಬೀದಿಯ ಸೇತುವೆ. 1891ರಲ್ಲಿ ಕಟ್ಟಿದ್ದು, 2,376 ಅಡಿ ಉದ್ದ. 1978ರಲ್ಲಿ ವಾಹನಗಳಿಗೆ ಮುಚ್ಚಿತು, 1993ರಲ್ಲಿ ಕಾಲ್ನಡಿಗೆಯವರಿಗೆ ತೆರೆಯಿತು. ಸಂಜೆ ಅಲ್ಲಿ ಸುಳಿಯುವ ಗಾಳಿ ಬಲು ಹಿತ. ಇದೇ ಸೇತುವೆಯಲ್ಲಿ 1906ರ ಮಾರ್ಚ್ 19ರ ರಾತ್ರಿ ಎಡ್ ಜಾನ್ಸನ್ ಎಂಬ ಕಪ್ಪು ಜನಾಂಗದ ಯುವಕನನ್ನು ಗುಂಪೊಂದು ನೇಣಿಗೆ ಹಾಕಿತು. ಬಿಳಿಯ ಹೆಣ್ಣೊಬ್ಬಳ ಮೇಲೆ ಅತ್ಯಾಚಾರ ಮಾಡಿದನೆಂದು ಅವನಿಗೆ ಮರಣದಂಡನೆಯಾಗಿತ್ತು. ನೋವಾ ಪಾರ್ಡನ್, ಸ್ಟೈಲ್ಸ್ ಹಚಿನ್ಸ್ ಎಂಬ ಕಪ್ಪು ವಕೀಲರಿಬ್ಬರು ವಾಷಿಂಗ್ಟನ್ನಿನ ಪರಮೋಚ್ಚ ನ್ಯಾಯಾಲಯದವರೆಗೆ ಹೋಗಿ ಶಿಕ್ಷೆಗೆ ತಡೆ ತಂದರು. ತಡೆ ಬಂದ ದಿನವೇ ಗುಂಪು ಸೆರೆಮನೆಗೆ ನುಗ್ಗಿತು. ತಾನು ನಿರಪರಾಧಿಯೆಂದೇ ಹೇಳುತ್ತ ಅವನು ಸತ್ತ. ತನ್ನ ಆಜ್ಞೆಯನ್ನು ಧಿಕ್ಕರಿಸಿದ್ದಕ್ಕಾಗಿ ನ್ಯಾಯಾಲಯ ಷೆರೀಫ್ ಜೋಸೆಫ್ ಷಿಪ್‌ನನ್ನು ತಾನೇ ವಿಚಾರಿಸಿ, 1909ರಲ್ಲಿ ತೊಂಬತ್ತು ದಿನಗಳ ಸೆರೆ ವಿಧಿಸಿತು. ಆ ನ್ಯಾಯಾಲಯದ ಚರಿತ್ರೆಯಲ್ಲಿ ಅಂಥ ಅಪರಾಧ ವಿಚಾರಣೆ ಅದೊಂದೇ. ಷಿಪ್ ಬಿಡುಗಡೆಯಾಗಿ ಬಂದಾಗ ಊರಿನ ಜನ ಕಿಕ್ಕಿರಿದು ಸ್ವಾಗತಿಸಿದರು. ವಕೀಲರಿಬ್ಬರು ಊರನ್ನೇ ಬಿಡಬೇಕಾಯಿತು. ಜಾನ್ಸನ್ನನ ಮೇಲಿನ ತೀರ್ಪು ರದ್ದಾದದ್ದು 2000ದಲ್ಲಿ. ಸೇತುವೆಯ ದಕ್ಷಿಣದ ತುದಿಯಲ್ಲಿ ಆ ಮೂವರ ಕಂಚಿನ ಮೂರ್ತಿಗಳು ನಿಂತದ್ದು 2021ರಲ್ಲಿ.

ರಜೆಗೆಂದು ಬಂದ ಮಕ್ಕಳಿಗೆ ಇದನ್ನೆಲ್ಲ ಹೇಳಬೇಕೆ ಎಂದು ಕೇಳುವವರುಂಟು. ನನ್ನ ಮಟ್ಟಿಗೆ, ಮಕ್ಕಳು ನೀರಿನಲ್ಲಿ ಆಡಲಿ, ರೈಲು ಹತ್ತಲಿ, ಮೀನು ನೋಡಲಿ. ಗೋಡೆಯ ಮೇಲಿನ ಬಿಲ್ಲೆ ಏನು, ಸೇತುವೆಯ ಬುಡದಲ್ಲಿ ನಿಂತವರು ಯಾರು ಎಂದು ಅವರೇ ಒಂದು ದಿನ ಕೇಳುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ಆ ಊರಿನಲ್ಲಿ ಹಾಗೆ ಕೇಳಲು ಗುರುತೇ ಇರಲಿಲ್ಲ, ಈಗ ಇದೆ. ಕೇಳಿದಾಗ ಮರೆಮಾಚದೆ ಹೇಳುವುದು ಹಿರಿಯರ ಕೆಲಸ.