ಟ್ಯುನೀಷಿಯಾದ ಪ್ರಧಾನಿಗಳು: ಕಸ್ಬಾದ ಕುರ್ಚಿಯ ಕಥೆ

ಟ್ಯುನಿಸ್ ನಗರದ ಹಳೇ ಪೇಟೆಗೆ ಅಂಟಿಕೊಂಡಂತೆ ಕಸ್ಬಾ ಎಂಬ ಪ್ರದೇಶವಿದೆ. ಟ್ಯುನೀಷಿಯಾದ ಪ್ರಧಾನಿಯ ಕಚೇರಿ ಇರುವುದು ಅಲ್ಲಿ, 'ಬೇ' ಎನಿಸಿಕೊಳ್ಳುತ್ತಿದ್ದ ಅರಸರ ಹಳೆಯ ಅರಮನೆಯಲ್ಲಿ. ಅಧ್ಯಕ್ಷರ ಅರಮನೆ ಮಾತ್ರ ಊರಾಚೆ, ಕಡಲ ದಂಡೆಯ ಕಾರ್ಥೇಜಿನಲ್ಲಿ. ದೆಹಲಿಯ ಪ್ರಧಾನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಸ್ಬಾದತ್ತ ನೋಡಿದರೆ ನಮ್ಮ ಲೆಕ್ಕವೆಲ್ಲ ತಪ್ಪುತ್ತದೆ. ಅಲ್ಲಿ ಅಧಿಕಾರ ಹೆಚ್ಚಾಗಿ ಕಾರ್ಥೇಜಿನದು. ಕಸ್ಬಾದ ಪಾಲಿಗೆ ಬಂದದ್ದು ಬೈಗುಳ, ಅಪರೂಪಕ್ಕೆ ಒಮ್ಮೆ ಪಟ್ಟ.

ಆರಂಭ ಹೀಗಿರಲಿಲ್ಲ. 1956ರ ಮಾರ್ಚ್ 20ರಂದು ಫ್ರಾನ್ಸ್ ಜೊತೆ ಸ್ವಾತಂತ್ರ್ಯದ ಒಪ್ಪಂದಕ್ಕೆ ಸಹಿ ಹಾಕಿದವರು ಅಂದಿನ ಪ್ರಧಾನಿ ತಾಹರ್ ಬೆನ್ ಅಮ್ಮಾರ್. ಮುಂದಿನ ತಿಂಗಳೇ ಆ ಕುರ್ಚಿ ಸ್ವಾತಂತ್ರ್ಯ ಹೋರಾಟದ ನಾಯಕ ಹಬೀಬ್ ಬೂರ್ಗಿಬಾ ಅವರದಾಯಿತು. ಹೆಸರಿಗೆ ಬೇ ಇನ್ನೂ ಸಿಂಹಾಸನದ ಮೇಲಿದ್ದರು, ಆಡಳಿತವೆಲ್ಲ ಪ್ರಧಾನಿಯ ಕೈಯಲ್ಲಿತ್ತು. ಬಹುಪತ್ನಿತ್ವವನ್ನು ನಿಷೇಧಿಸಿ, ವಿಚ್ಛೇದನವನ್ನು ನ್ಯಾಯಾಲಯದ ಅಂಗಳಕ್ಕೆ ತಂದ 1956ರ ಆಗಸ್ಟ್ 13ರ ಕೌಟುಂಬಿಕ ಸಂಹಿತೆ ಹೊರಬಿದ್ದದ್ದು ಆಗಲೇ. ಅರಬ್ ಜಗತ್ತು ಇಂದಿಗೂ ಬೆರಗಿನಿಂದ ನೋಡುವ ಆ ಕಾನೂನು ಬೂರ್ಗಿಬಾ ಅಧ್ಯಕ್ಷರಾದ ಮೇಲೆ ಮಾಡಿದ್ದೆಂದು ಹಲವರು ತಿಳಿದಿದ್ದಾರೆ. ಅಲ್ಲ, ಅದು ಪ್ರಧಾನಿಯಾಗಿ ಮಾಡಿದ ಕೆಲಸ.

1957ರ ಜುಲೈ 25ರಂದು ರಾಜಪ್ರಭುತ್ವ ರದ್ದಾಯಿತು, ಬೂರ್ಗಿಬಾ ಅಧ್ಯಕ್ಷರಾದರು. ತಾವು ಏರಿಬಂದ ಏಣಿಯನ್ನು ಅವರು ಮೊದಲು ತೆಗೆಸಿಹಾಕಿದರು: ಹನ್ನೆರಡು ವರ್ಷ ದೇಶದಲ್ಲಿ ಪ್ರಧಾನಿ ಹುದ್ದೆಯೇ ಇರಲಿಲ್ಲ. ಅದು ಮರಳಿದ್ದು ಸೋಲೊಂದರ ಬೆನ್ನಿಗೆ. ಯೋಜನೆ, ಹಣಕಾಸು, ಕೃಷಿ, ಶಿಕ್ಷಣ ಎಲ್ಲವನ್ನೂ ಒಂದೊಂದಾಗಿ ತಮ್ಮ ಹಿಡಿತಕ್ಕೆ ತಂದುಕೊಂಡಿದ್ದ ಅಹಮದ್ ಬೆನ್ ಸಾಲಾಹ್ ಹಳ್ಳಿಗಳ ಮೇಲೆ ಸಹಕಾರಿ ಬೇಸಾಯವನ್ನು ಹೇರಿದ್ದರು. ರೈತರು ಸಿಡಿದೆದ್ದಾಗ, 1969ರಲ್ಲಿ, ಬೂರ್ಗಿಬಾ ಈ ಸಚಿವರನ್ನು ಕೈಬಿಟ್ಟರು. ಬೆನ್ ಸಾಲಾಹ್‌ಗೆ ಹತ್ತು ವರ್ಷಗಳ ಕಠಿಣ ಶಿಕ್ಷೆಯಾಯಿತು. ಅದೇ ವರ್ಷದ ನವೆಂಬರ್ 7ರಂದು ಬಾಹಿ ಲದ್ಗಮ್ ಗಣರಾಜ್ಯದ ಮೊದಲ ಪ್ರಧಾನಿಯಾದರು. ಮುಂದೆ ತಪ್ಪು ಹೊರಿಸುವುದಕ್ಕೊಬ್ಬರು ಬೇಕೆಂಬುದು ಬೂರ್ಗಿಬಾರ ಲೆಕ್ಕಾಚಾರವಾಗಿತ್ತು ಎಂದೇ ನನ್ನ ಓದು. ಲದ್ಗಮ್ ಒಂದು ವರ್ಷವೂ ಬಾಳಲಿಲ್ಲ.

ಹೀಗೆ ಹುದ್ದೆ ಮರಳುವಾಗ ಸಂವಿಧಾನದೊಳಗೆ ಒಂದು ಬೀಜವನ್ನೂ ಬಿತ್ತಲಾಯಿತು. ಅಧ್ಯಕ್ಷ ತೀರಿಕೊಂಡರೆ ಅಥವಾ ಅಸಮರ್ಥನಾದರೆ ಪ್ರಧಾನಿಯೇ ಉತ್ತರಾಧಿಕಾರಿ ಎಂಬ ನಿಯಮವದು, ಮುಂದೆ 57ನೇ ವಿಧಿ ಎಂದು ಹೆಸರಾದದ್ದು. ಅಲ್ಲಿಂದ ಪ್ರತಿಯೊಬ್ಬ ಪ್ರಧಾನಿಯೂ ಭಾವೀ ಅಧ್ಯಕ್ಷ, ಆ ಕಾರಣಕ್ಕೇ ಹಾಲಿ ಅಧ್ಯಕ್ಷರ ಅನುಮಾನಕ್ಕೆ ಗುರಿ.

1970ರಿಂದ ಹತ್ತು ವರ್ಷ ಆಳಿದ ಹೇದಿ ನುಯಿರಾ ಈ ಸಾಲಿನಲ್ಲಿ ಗಟ್ಟಿ ಕುಳ. ಕೇಂದ್ರ ಬ್ಯಾಂಕಿನ ಮೊದಲ ಗವರ್ನರ್ ಆಗಿದ್ದವರು. ರಫ್ತಿಗಾಗಿಯೇ ದುಡಿಯುವ ಕಾರ್ಖಾನೆಗಳಿಗೆ ತೆರಿಗೆ ವಿನಾಯಿತಿ ಕೊಟ್ಟ 1972ರ ಕಾನೂನು ಅವರ ಕಾಲದ್ದು. ಯುರೋಪಿಗೆ ಬಟ್ಟೆ ಹೊಲಿದುಕೊಡುವ ಟ್ಯುನೀಷಿಯಾ ರೂಪುಗೊಂಡದ್ದು ಅದರಿಂದ. 1974ರ ಜನವರಿಯಲ್ಲಿ ಜೆರ್ಬಾ ದ್ವೀಪದ ಹೋಟೆಲೊಂದರಲ್ಲಿ ಬೂರ್ಗಿಬಾ ಮತ್ತು ಗದ್ದಾಫಿ ಕುಳಿತು, ಟ್ಯುನೀಷಿಯಾ ಮತ್ತು ಲಿಬಿಯಾ ಇನ್ನು ಒಂದೇ ದೇಶ ಎಂದು ಸಹಿ ಹಾಕಿಬಿಟ್ಟರು! ಪರದೇಶದಲ್ಲಿದ್ದ ನುಯಿರಾ ಧಾವಿಸಿ ಬಂದು ಆ ವಿಲೀನವನ್ನು ಹೂತುಹಾಕಿದರು. ವಿದೇಶಾಂಗ ಸಚಿವ ಮಸ್ಮೂದಿ ಮನೆಗೆ ಹೋದರು. ಕಾರ್ಥೇಜಿನ ಮಾತನ್ನು ಕಸ್ಬಾ ಹೀಗೆ ತಿರುಗಿಸಿದ್ದು ಆ ಕಾಲದಲ್ಲಿ ಬೇರೆ ಉಂಟೋ ಇಲ್ಲವೋ. ಆದರೆ 1978ರ ಜನವರಿ 26ರ ಸಾರ್ವತ್ರಿಕ ಮುಷ್ಕರದ ದಿನ ಸೇನೆ ಬೀದಿಗಿಳಿದು ಜನರನ್ನು ಕೊಂದದ್ದೂ ಇದೇ ನುಯಿರಾ ಕಾಲದಲ್ಲಿ. ಅದನ್ನು ಮರೆತು ಅವರನ್ನು ಹೊಗಳಲಾಗದು. 1980ರಲ್ಲಿ ಅನಾರೋಗ್ಯ ಅವರನ್ನು ಕೆಳಗಿಳಿಸಿತು.

ನಂತರ ಬಂದವರು ಮೊಹಮದ್ ಮಝಾಲಿ, ಮೇಷ್ಟರು, ಸಾಹಿತಿ, 'ಅಲ್ ಫಿಕ್ರ್' ಪತ್ರಿಕೆಯ ಸ್ಥಾಪಕ. ಶಿಕ್ಷಣದಲ್ಲಿ ಫ್ರೆಂಚ್ ಬದಲು ಅರಬ್ಬಿಗೆ ಜಾಗ ಕೊಡಬೇಕೆಂದು ಹೋರಾಡಿದವರು. ಅವರ ಕಾಲಕ್ಕೆ ಅಳಿಸದ ಗುರುತು ಹಾಕಿದ್ದು ರೊಟ್ಟಿ. 1983ರ ಕೊನೆಗೆ ಸಬ್ಸಿಡಿ ತೆಗೆದಾಗ ಬ್ರೆಡ್ಡಿನ ಬೆಲೆ ದುಪ್ಪಟ್ಟಾಯಿತು. ದಕ್ಷಿಣದ ಮರುಭೂಮಿಯಂಚಿನ ಊರುಗಳಲ್ಲಿ ಹೊತ್ತಿದ ಕಿಡಿ ದಿನಗಳೊಳಗೆ ಟ್ಯುನಿಸ್ ತಲುಪಿತು. ತುರ್ತು ಪರಿಸ್ಥಿತಿ, ಗುಂಡು, ಹತ್ತಾರು ಸಾವು. 1984ರ ಜನವರಿ 6ರಂದು ಬೂರ್ಗಿಬಾ ಟಿವಿಯಲ್ಲಿ ಕಾಣಿಸಿಕೊಂಡು ಏರಿಕೆ ರದ್ದು ಎಂದರು. ಮಝಾಲಿ ಸಮರ್ಥಿಸಿಕೊಂಡು ಬಂದಿದ್ದ ಬೆಲೆಯನ್ನು ಇಳಿಸಿ ಜನರಿಂದ ಜೈಕಾರ ಹಾಕಿಸಿಕೊಂಡವರು ಅಧ್ಯಕ್ಷರು. ಹರಕೆಯ ಕುರಿ ಯಾರೆಂದು ಅಂದೇ ಗೊತ್ತಾಗಿತ್ತು, ಕಡಿಯುವುದು ಮಾತ್ರ ತಡವಾಯಿತು. 1986ರ ಜುಲೈನಲ್ಲಿ ವಜಾ ಆದ ಮಝಾಲಿ ಎರಡೇ ತಿಂಗಳಲ್ಲಿ ವೇಷ ಮರೆಸಿಕೊಂಡು ಅಲ್ಜೀರಿಯಾ ಗಡಿ ದಾಟಿದರು. ದೇಶದ ಉತ್ತರಾಧಿಕಾರಿ ಎಂದು ಆರು ವರ್ಷ ಕರೆಸಿಕೊಂಡ ಮನುಷ್ಯ!

ಆಮೇಲೆ ಬಂದ ರಶೀದ್ ಸ್ಫಾರ್ ಐಎಂಎಫ್ ಸಾಲದ ಷರತ್ತುಗಳನ್ನು ಜಾರಿಗೆ ತರುವಷ್ಟರಲ್ಲೇ ಹೋದರು. 1987ರ ಅಕ್ಟೋಬರ್ 2ರಂದು ಪ್ರಧಾನಿಯಾದವರು ಪೊಲೀಸ್ ಮತ್ತು ಬೇಹುಗಾರಿಕೆ ವಲಯದಿಂದ ಬಂದ ಝೈನ್ ಅಲ್ ಅಬಿದೀನ್ ಬೆನ್ ಅಲಿ. ಅವರು ಪ್ರಧಾನಿಯಾಗಿದ್ದು ಐದು ವಾರ ಮಾತ್ರ. ನವೆಂಬರ್ 6ರ ರಾತ್ರಿ ಏಳು ವೈದ್ಯರಿಂದ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿಸಲಾಯಿತು: ಎಂಬತ್ತು ದಾಟಿದ ಅಧ್ಯಕ್ಷರಿಗೆ ರಾಜ್ಯಭಾರ ನಡೆಸುವ ಶಕ್ತಿ ಉಳಿದಿಲ್ಲ. ಬೆಳಗಾಗುವಾಗ ರೇಡಿಯೋದಲ್ಲಿ ಬೆನ್ ಅಲಿಯ ದನಿ, ಆಧಾರ 57ನೇ ವಿಧಿ. ಒಂದು ಹನಿ ರಕ್ತ ಹರಿಯಲಿಲ್ಲ. ಲದ್ಗಮ್ ಕುರ್ಚಿ ಏರಿದ ದಿನಕ್ಕೆ ಸರಿಯಾಗಿ ಹದಿನೆಂಟು ವರ್ಷವಾಗಿತ್ತು.

ತಾವು ದಾಟಿಬಂದ ಬಾಗಿಲನ್ನು ಬೆನ್ ಅಲಿ ತಕ್ಷಣ ಮುಚ್ಚಿದರು. 1988ರ ತಿದ್ದುಪಡಿಯಿಂದ ಉತ್ತರಾಧಿಕಾರ ಸಂಸತ್ತಿನ ಸ್ಪೀಕರ್‌ಗೆ ಹೋಯಿತು. ಆಮೇಲೆ ಹೇದಿ ಬಕ್ಕೂಷ್ ಎರಡು ವರ್ಷ, ವೈದ್ಯ ಹಾಮದ್ ಕರೂಯಿ ಹತ್ತು ವರ್ಷ, ಅರ್ಥಶಾಸ್ತ್ರಜ್ಞ ಮೊಹಮದ್ ಗನ್ನೂಷಿ ಹನ್ನೊಂದು ವರ್ಷ. ಇಷ್ಟು ದೀರ್ಘ ಅವಧಿಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಕ್ಕೇನೂ ಇಲ್ಲ ಎಂಬುದೇ ಆ ಕಾಲದ ಗುಣ.

2011ರ ಜನವರಿ 14ರ ಸಂಜೆ ಜನದಂಗೆಗೆ ಹೆದರಿ ಬೆನ್ ಅಲಿ ಸೌದಿಗೆ ಹಾರಿದಾಗ ಗನ್ನೂಷಿ ಟಿವಿಯಲ್ಲಿ ಬಂದು, ಅಧ್ಯಕ್ಷರ ಅಧಿಕಾರವನ್ನು ತಾತ್ಕಾಲಿಕವಾಗಿ ತಾವು ವಹಿಸಿಕೊಂಡಿರುವುದಾಗಿ 56ನೇ ವಿಧಿಯನ್ನು ಮುಂದಿಟ್ಟು ಹೇಳಿದರು. ತಾತ್ಕಾಲಿಕ ಎಂದರೆ ಬೆನ್ ಅಲಿ ಮರಳಿ ಬರಬಹುದು! ಜನ ಒಪ್ಪಲಿಲ್ಲ. ಮಾರನೇ ದಿನ ಸಂವಿಧಾನ ಮಂಡಳಿ 57ನೇ ವಿಧಿಗೆ ಬದಲಿಸಿ ಅಧ್ಯಕ್ಷ ಸ್ಥಾನ ತೆರವಾಗಿದೆ ಎಂದಿತು, ಸ್ಪೀಕರ್ ಫುಆದ್ ಮಬಝ್ಝಾ ಹಂಗಾಮಿ ಅಧ್ಯಕ್ಷರಾದರು. ಪ್ರಧಾನಿಯಾಗಿ ಉಳಿದ ಗನ್ನೂಷಿಯವರ ಕಿಟಕಿಯ ಕೆಳಗೆ, ಕಸ್ಬಾ ಚೌಕದಲ್ಲಿ, ಒಳನಾಡಿನಿಂದ ಬಂದ ಯುವಕರು ಹಾಸಿಗೆ ಹಾಸಿ ಧರಣಿ ಕೂತರು. ಫೆಬ್ರವರಿ 27ರಂದು ಅವರು ರಾಜೀನಾಮೆ ಕೊಟ್ಟರು. ಬೂರ್ಗಿಬಾ ಕಾಲದ ಸಚಿವ, ಎಂಬತ್ತು ದಾಟಿದ ಬೆಜಿ ಕಾಯ್ದ್ ಎಸ್ಸೆಬ್ಸಿ ಬಂದು ಚುನಾವಣೆ ಮಾಡಿಸಿದರು.

ಅಲ್ಲಿಂದ ಹತ್ತು ವರ್ಷ ಕುರ್ಚಿಗೆ ನಿಜವಾದ ತೂಕ ಬಂತು, ಕೂತವರು ಮಾತ್ರ ನಿಲ್ಲಲಿಲ್ಲ. ಬೆನ್ ಅಲಿ ಜೈಲುಗಳಲ್ಲಿ ಹದಿನೈದು ವರ್ಷಕ್ಕೂ ಮಿಕ್ಕಿ ಕಳೆದ ಇಸ್ಲಾಮಿಸ್ಟ್ ಎನ್ನಹ್ದಾ ಪಕ್ಷದ ಹಮಾದಿ ಜಬಾಲಿ ಪ್ರಧಾನಿಯಾದರು. 2013ರ ಫೆಬ್ರವರಿಯಲ್ಲಿ ಎಡಪಂಥೀಯ ನಾಯಕ ಶುಕ್ರಿ ಬೆಲೈದ್ ಹತ್ಯೆಯಾದಾಗ ಪಕ್ಷಾತೀತ ತಜ್ಞರ ಸಂಪುಟ ರಚಿಸೋಣ ಎಂದರು. ಅವರ ಪಕ್ಷವೇ ಒಲ್ಲೆನೆಂದಿತು, ಹೇಳಿದ ಮಾತಿಗೆ ಕಟ್ಟುಬಿದ್ದು ಕೆಳಗಿಳಿದರು. ಈ ಸಾಲಿನಲ್ಲಿ ನನಗೆ ಗೌರವ ಮೂಡಿಸುವ ರಾಜೀನಾಮೆ ಇದೊಂದೇ. ಅವರ ಬಳಿಕ ಬಂದ ಅಲಿ ಲಾರಯೆದ್ ಕಾಲದಲ್ಲಿ ಇನ್ನೊಂದು ಹತ್ಯೆ, ನಂತರ ಕಾರ್ಮಿಕ ಸಂಘ ಸೇರಿದಂತೆ ನಾಲ್ಕು ಸಂಸ್ಥೆಗಳ ಸಂಧಾನ. 2015ರ ನೊಬೆಲ್ ಶಾಂತಿ ಪ್ರಶಸ್ತಿ ಅದಕ್ಕೇ ಸಂದದ್ದು. 2014ರ ಸಂವಿಧಾನ ಪ್ರಧಾನಿಯನ್ನು ಸಂಸತ್ತಿಗೆ ಉತ್ತರದಾಯಿಯಾಗಿಸಿತು. ಎಂಜಿನಿಯರ್ ಮೆಹ್ದಿ ಜುಮಾ ಒಂದು ವರ್ಷ ಸರ್ಕಾರ ನಡೆಸಿದರು. ಹಬೀಬ್ ಎಸ್ಸಿದ್ 2016ರಲ್ಲಿ ತಾವೇ ವಿಶ್ವಾಸಮತ ಕೇಳಿ ಸೋತರು, ಪರವಾಗಿ ಬಿದ್ದದ್ದು ಮೂರೇ ಮತ! ನಲವತ್ತರ ಯೂಸೆಫ್ ಶಾಹೆದ್ ತಮ್ಮನ್ನು ನೇಮಿಸಿದ, ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ಎಸ್ಸೆಬ್ಸಿಯವರ ಮಗನನ್ನೇ ಎದುರು ಹಾಕಿಕೊಂಡೂ ಮೂರೂವರೆ ವರ್ಷ ಉಳಿದರು. ಇಲ್ಯಾಸ್ ಫಖ್‌ಫಖ್ ಆರು ತಿಂಗಳಿಗೆ ಹೋದರು.

2021ರ ಜುಲೈ 25ರ ರಾತ್ರಿ ಅಧ್ಯಕ್ಷ ಕೈಸ್ ಸಯೀದ್, ಪ್ರಧಾನಿ ಹಿಷಾಮ್ ಮಶೀಶಿಯವರನ್ನು ವಜಾ ಮಾಡಿ ಸಂಸತ್ತಿಗೆ ಬೀಗ ಹಾಕಿಸಿದರು. ಸರಿಯಾಗಿ ಒಂದು ವರ್ಷಕ್ಕೆ ಜನಮತಗಣನೆಗೆ ಹೋದ ಹೊಸ ಸಂವಿಧಾನದ ಪ್ರಕಾರ ಪ್ರಧಾನಿಯನ್ನು ನೇಮಿಸುವುದೂ ತೆಗೆಯುವುದೂ ಅಧ್ಯಕ್ಷರ ಇಚ್ಛೆ. ಭೂವಿಜ್ಞಾನದ ಪ್ರಾಧ್ಯಾಪಕಿ ನಜ್ಲಾ ಬೂದೆನ್ 2021ರ ಅಕ್ಟೋಬರ್‌ನಲ್ಲಿ ಅರಬ್ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದಾಗ ಹೊರಗಿನವರು ಚಪ್ಪಾಳೆ ತಟ್ಟಿದರು. ಆಗ ಕುರ್ಚಿಯಲ್ಲಿ ಅಧಿಕಾರವೇ ಉಳಿದಿರಲಿಲ್ಲ. ಅವರ ಬಳಿಕ ಅಹಮದ್ ಹಶಾನಿ, ಕಮಾಲ್ ಮದ್ದೂರಿ, 2025ರ ಮಾರ್ಚ್‌ನಲ್ಲಿ ಸಾರಾ ಝಾಫ್ರಾನಿ ಝೆನ್ಝ್ರಿ ಹೀಗೆ ಸಾಲು ಬೆಳೆಯಿತು. ಮಾಜಿ ಪ್ರಧಾನಿ ಲಾರಯೆದ್‌ಗೆ 2025ರಲ್ಲಿ ನ್ಯಾಯಾಲಯ 34 ವರ್ಷಗಳ ಜೈಲು ವಿಧಿಸಿತು.

ಇನ್ನು ಉತ್ತರಾಧಿಕಾರದ ಮಾತು. ಅಧ್ಯಕ್ಷ ಸ್ಥಾನ ತೆರವಾದರೆ ಹೊಣೆ ಈಗ ಪ್ರಧಾನಿಯದೂ ಅಲ್ಲ, ಸ್ಪೀಕರ್‌ದೂ ಅಲ್ಲ. 2022ರ ಸಂವಿಧಾನ ಅದನ್ನು ಸಾಂವಿಧಾನಿಕ ನ್ಯಾಯಾಲಯದ ಮುಖ್ಯಸ್ಥರಿಗೆ ವಹಿಸಿದೆ. 2025 ಬಂದರೂ ಆ ನ್ಯಾಯಾಲಯದ ರಚನೆ ಆಗಿರಲಿಲ್ಲ.