ಗೋಕುಲ ರೋಡಿನ ಗಾಜಿನ ಶೋರೂಮುಗಳು

ಕಾರಿನ ಶೋರೂಮು ಮುಚ್ಚಿತು ಎಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಯಾಕ, ಗಾಡಿ ಹೋಗಲಿಲ್ಲೇನು?" ಹುಬ್ಬಳ್ಳಿಯಲ್ಲಿ ಆಡಿಟ್ ಮಾಡಿಕೊಂಡೇ ತಲೆ ಹಣ್ಣಾದವನು ನಾನು. ಗೋಕುಲ ರೋಡಿನ ಹಲವು ಡೀಲರುಗಳ ಪುಸ್ತಕ ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಗಾಡಿ ಹೋಗದೆ ಮುಳುಗಿದವರಿಗಿಂತ ಗಾಡಿ ಹೋಗುತ್ತಿರುವಾಗಲೇ ಮುಳುಗಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಅಂಥ ಒಬ್ಬ ಮಾಲಕರು ಬ್ಯಾಂಕಿನ ನೋಟಿಸು ಮುಂದಿಟ್ಟು ಹೇಳಿದ್ದರು: "ಸಾಹೇಬ್ರ, ಹ್ವಾದ ವರ್ಷಕಿಂತ ಈ ವರ್ಷ ಗಾಡಿ ಜಾಸ್ತಿ ಹೋಗ್ಯಾವ. ರೊಕ್ಕಾ ಎಲ್ಲಿ ಹೋತು ಅನ್ನೋದ ತಿಳಿವಲ್ದು."

ರೊಕ್ಕ ಹೋದ ದಾರಿ ಹುಡುಕಲು ಈ ವ್ಯಾಪಾರದ ಹಳೆಯ ಕಾಲಕ್ಕೇ ಹೋಗಬೇಕು. ಕಾರಿನ ವ್ಯಾಪಾರದಲ್ಲಿ ಯಾರಾದರೊಬ್ಬರು ಕಾಯಲೇಬೇಕು, ಕಾಯುವವರೇ ಬಡ್ಡಿ ತೆರಬೇಕು. ಆ ಪಾಳಿ ಯಾರಿಂದ ಯಾರಿಗೆ ಬಂತು ಎಂಬುದೇ ಈ ಕಥೆ.

ಲೈಸೆನ್ಸ್ ರಾಜ್ಯದ ದಿನಗಳಲ್ಲಿ ಕಾಯುತ್ತಿದ್ದವನು ಗಿರಾಕಿ. ಉತ್ತರಪಾಡಾದ ಅಂಬಾಸಡರ್, ಬೊಂಬಾಯಿ ಕುರ್ಲಾದ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್: ಇವು ಮೂರರಲ್ಲಿ ಒಂದನ್ನು ಆರಿಸಿಕೊಂಡು, ಮುಂಗಡ ಕಟ್ಟಿ, ವರ್ಷಗಟ್ಟಲೆ ದಾರಿ ನೋಡಬೇಕು. ಎಷ್ಟು ಕಾರು ತಯಾರಾಗಬೇಕು, ಎಷ್ಟಕ್ಕೆ ಮಾರಬೇಕು ಎಂಬುದರ ಮೇಲೆಲ್ಲ ಸರ್ಕಾರದ ಕೈ. ಡೀಲರ್ ಎಂದರೆ ಒಂದು ಮೇಜು, ಒಂದು ಬುಕಿಂಗ್ ರಿಜಿಸ್ಟರು, ಹಿಂದೆ ಒಂದು ಗ್ಯಾರೇಜು. ತೋರಿಸಲು ಅಂಗಡಿಯಲ್ಲಿ ಕಾರೇ ಇರುತ್ತಿರಲಿಲ್ಲ, ತೋರಿಸುವ ಅಗತ್ಯವೂ ಇರಲಿಲ್ಲ. ಗಾಡಿ ಇಳಿದ ದಿನವೇ ಹೋಗುತ್ತಿತ್ತು. ಬ್ಲ್ಯಾಕಿನಲ್ಲಿ ಹೊಸದಕ್ಕಿಂತ ಹಳೆಯ ಗಾಡಿಗೆ ಹೆಚ್ಚು ಬೆಲೆ ಇದ್ದ ದಿನಗಳವು. ಗಿರಾಕಿಯ ಮುಂಗಡದಲ್ಲೇ ವ್ಯಾಪಾರ ನಡೆಯುತ್ತಿದ್ದುದರಿಂದ ಡೀಲರ್ ಬ್ಯಾಂಕಿನ ಮುಖ ನೋಡುತ್ತಿದ್ದುದು ರೊಕ್ಕ ಇಡಲಿಕ್ಕೇ ಹೊರತು ತರಲಿಕ್ಕಲ್ಲ.

ಮಾರುತಿ ಬಂದಾಗಲೂ ಇದು ಒಮ್ಮೆಗೇ ಬದಲಾಗಲಿಲ್ಲ. 1983ರಲ್ಲಿ ಹತ್ತು ಸಾವಿರ ರೂಪಾಯಿ ಕಟ್ಟಿ ಬುಕ್ ಮಾಡಿದವರು ಲಕ್ಷಕ್ಕೂ ಹೆಚ್ಚು ಮಂದಿ. ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ಹರ್ಪಾಲ್ ಸಿಂಗ್ ಎಂಬವರ ಕೈಗಿತ್ತಾಗ ಉಳಿದವರೆಲ್ಲ ಸರದಿಯಲ್ಲೇ ನಿಂತಿದ್ದರು. ನಮ್ಮ ಭಾಗದ ದೊಡ್ಡ ಮನೆತನಗಳಲ್ಲಿ "ಒಂದು ಕಾರಿನ ಏಜೆನ್ಸಿ ಸಿಕ್ಕರೆ ಸಾಕು, ಮೂರು ತಲೆಮಾರು ಕೂತು ಉಣ್ಣಬಹುದು" ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಲ ಸರಿದು ಹೋದರೂ ಮಾತು ಉಳಿದುಕೊಂಡಿತು, ಅಷ್ಟೆ. ಅರಳೆ, ಮೆಣಸಿನಕಾಯಿ ದಲಾಲಿಯಲ್ಲಿ ಗಳಿಸಿದವರು, ಗುತ್ತಿಗೆಯಲ್ಲಿ ಗಳಿಸಿದವರು ಈಗಲೂ ಅದೇ ಮಾತು ನಂಬಿ ಬರುತ್ತಾರೆ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವೆಂದಾಯಿತು. ಡೇವೂ, ಫೋರ್ಡ್, ಓಪೆಲ್ ಬಂದವು. 1996ರ ಸುಮಾರಿಗೆ ಫಿಯೆಟ್ ಉನೊ ಕಾರಿಗೆ ಎರಡೂವರೆ ಲಕ್ಷಕ್ಕೂ ಮೀರಿ ಬುಕಿಂಗ್ ಬಂತು; ಕಾರ್ಖಾನೆಯಲ್ಲಿ ಮುಷ್ಕರ, ಕಾರು ಬರಲಿಲ್ಲ, ಜನ ದುಡ್ಡು ವಾಪಸು ಕೇಳಿದರು. ಗಿರಾಕಿ ಕಾದ ಆ ಕಾಲದ ಕೊನೆಯ ದೊಡ್ಡ ಸರದಿ ಅದೇ ಎನ್ನಬೇಕು. 1998ರಲ್ಲಿ ಸ್ಯಾಂಟ್ರೊ, ಮಟಿಜ್, ಇಂಡಿಕಾ ಒಂದರ ಹಿಂದೆ ಒಂದು ಬಂದ ಮೇಲೆ ಸರದಿ ಕರಗಿತು. ಆಮೇಲೆ ಕಾರೇ ಗಿರಾಕಿಗೆ ಕಾಯತೊಡಗಿತು, ಅದೂ ಕಂಪನಿಯ ಅಂಗಳದಲ್ಲಲ್ಲ, ಡೀಲರನ ಅಂಗಳದಲ್ಲಿ.

ಈ ಪಾಠ ಅಮೆರಿಕದವರು ಬಹಳ ಹಿಂದೆಯೇ ಕಲಿತದ್ದು. 1920-21ರ ಹಿಂಜರಿತದಲ್ಲಿ ಹೆನ್ರಿ ಫೋರ್ಡನಿಗೆ ಸಾಲ ತೀರಿಸಲು ಕೋಟಿಗಟ್ಟಲೆ ಡಾಲರ್ ಬೇಕಾಗಿತ್ತು. ಬ್ಯಾಂಕಿನವರ ಹತ್ತಿರ ಹೋಗಲು ಮನಸ್ಸಿಲ್ಲ. ಆತ, ಡೀಲರುಗಳು ಕೇಳದಿದ್ದರೂ, ಅವರಿಗೆ ಮಾಡೆಲ್ ಟಿ ಕಾರುಗಳನ್ನು ಕಳಿಸಿ, ಇಳಿಸಿಕೊಳ್ಳುವಾಗಲೇ ನಗದು ಕೊಡಬೇಕೆಂದ. ಇಲ್ಲವೆಂದರೆ ಡೀಲರ್‌ಶಿಪ್ ಕಳೆದುಕೊಳ್ಳಬೇಕು. ಅವರು ತಮ್ಮ ತಮ್ಮ ಊರಿನ ಬ್ಯಾಂಕುಗಳಲ್ಲಿ ಸಾಲ ಎತ್ತಿ ಕಟ್ಟಿದರು. ಫೋರ್ಡ್ ಸಾಲ ಕೇಳದೆ ಪಾರಾದ, ಅವನ ಪರವಾಗಿ ಊರೂರಿನ ಡೀಲರುಗಳು ಸಾಲಗಾರರಾದರು. ಜನರಲ್ ಮೋಟರ್ಸ್‌ನವರು ಇನ್ನೂ ಜಾಣರು. ಡೀಲರನ ಸ್ಟಾಕಿಗೆ ಸಾಲ ಕೊಡಲು 1919ರಲ್ಲೇ ತಮ್ಮದೇ ಹಣಕಾಸು ಕಂಪನಿ ತೆರೆದಿದ್ದರು. ನಮ್ಮಲ್ಲಿ ಇಂದು ಟ್ರೇಡ್ ಅಡ್ವಾನ್ಸ್, ಇನ್ವೆಂಟರಿ ಫಂಡಿಂಗ್ ಎನ್ನುವುದು ಅದರ ಮೊಮ್ಮಗ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಎಂಟು ಲಕ್ಷದ ಕಾರು. ನಮ್ಮ ದೇಶದಲ್ಲಿ ಡೀಲರನ ಮಾರ್ಜಿನ್ ನೂರಕ್ಕೆ ಮೂರರಿಂದ ಐದರ ಆಸುಪಾಸು. ನಾಲ್ಕು ಎಂದಿಟ್ಟುಕೊಳ್ಳಿ, 32,000 ರೂಪಾಯಿ. ಉಳಿದ 7,68,000 ಬ್ಯಾಂಕಿನ ಸಾಲ, ಬಡ್ಡಿ ನೂರಕ್ಕೆ ಹತ್ತು. ದಿನಕ್ಕೆ 210 ರೂಪಾಯಿ ಬಿತ್ತು. ಕಾರು ಅರವತ್ತು ದಿನ ನಿಂತಿತೆಂದರೆ 12,600 ಹೋಯಿತು. ಪಕ್ಕದ ಡೀಲರ್ ಕೊಡುತ್ತಾನೆಂದು ಕೈಯಿಂದ ಬಿಟ್ಟ ಡಿಸ್ಕೌಂಟ್ 10,000. ಸೇಲ್ಸ್ ಹುಡುಗನ ಇನ್ಸೆಂಟಿವ್, ಪೆಟ್ರೋಲು, ತೊಳೆಯುವುದು, ಡೆಲಿವರಿ ದಿನದ ಹಾರ, ಕೇಕು ಎಲ್ಲ ಸೇರಿ 4,000. ಉಳಿದದ್ದು 5,400. ಇದರಲ್ಲಿ ಬಾಡಿಗೆ, ಎಸಿ ಕರೆಂಟು, ಸಂಬಳ ಹುಟ್ಟಬೇಕು. ಅದೇ ಕಾರು ಇನ್ನೊಂದು ತಿಂಗಳು ನಿಂತರೆ ಮತ್ತೆ 6,300. ಆಗ ಡೀಲರ್ ಕೈಯಿಂದ 900 ರೂಪಾಯಿ ಹಾಕಿ ಕಾರು ಮಾರಿದ ಹಾಗಾಯಿತು. 2024ರ ಸೆಪ್ಟೆಂಬರ್ ಹೊತ್ತಿಗೆ ದೇಶದ ಡೀಲರುಗಳ ಬಳಿ 80 ದಿನದ ಮಾರಾಟಕ್ಕೂ ಮಿಕ್ಕುವ, ಸುಮಾರು 79,000 ಕೋಟಿ ರೂಪಾಯಿಯ ಕಾರು ನಿಂತಿವೆ ಎಂದು ಅವರ ಒಕ್ಕೂಟ ಫಾಡಾ ಹೇಳಿದಾಗ ನನಗೆ ಮೊದಲು ಹೊಳೆದದ್ದು ಈ 900 ರೂಪಾಯಿ.

ಹಾಗಾದರೆ ಕಡಿಮೆ ಗಾಡಿ ತರಿಸಬಾರದೇ ಎಂದು ಕೇಳಬಹುದು. ತರಿಸುವುದು ಅವನ ಕೈಯಲ್ಲಿದ್ದರೆ ತಾನೆ! ಕಂಪನಿಗೆ ಡೀಲರನಿಗೆ ಬಿಲ್ ಮಾಡಿದ್ದೇ ಮಾರಾಟ. ಬಿಲ್ ಹರಿದ ಕೂಡಲೇ ಅದರ ದುಡ್ಡು ಅದಕ್ಕೆ ಬಂತು. ತಿಂಗಳ ಕೊನೆಯ ವಾರ ಏರಿಯಾ ಮ್ಯಾನೇಜರ್ ಬಂದು ಕೂರುತ್ತಾನೆ. "ಇನ್ನು ಇಪ್ಪತ್ತು ಗಾಡಿ ಎತ್ತಿ ಸರ್, ಸ್ಲ್ಯಾಬ್ ದಾಟ್ತೀರಿ." ಟಾರ್ಗೆಟ್ ಮುಟ್ಟಿದರೆ ಪ್ರತಿ ಗಾಡಿಗೂ ಇಂತಿಷ್ಟು ಇನ್ಸೆಂಟಿವ್, ಒಂದು ಗಾಡಿ ಕಡಿಮೆಯಾದರೂ ಸೊನ್ನೆ. ಆಷಾಢದಲ್ಲಿ ನಮ್ಮ ಕಡೆ ಯಾರೂ ಹೊಸ ಗಾಡಿ ಮನೆಗೆ ತರುವುದಿಲ್ಲ, ಪಿತೃಪಕ್ಷದಲ್ಲೂ ಇಲ್ಲ. ಆದರೂ ಆ ತಿಂಗಳುಗಳಿಗೂ ಟಾರ್ಗೆಟ್ ಉಂಟು, ಬಡ್ಡಿಗಂತೂ ಯಾವ ಮಾಸವೂ ಅಶುಭವಲ್ಲ. ಆ ಇನ್ಸೆಂಟಿವ್ ಆದರೂ ನಗದಾಗಿ ಬರುತ್ತದೆಯೇ? ಕ್ರೆಡಿಟ್ ನೋಟಾಗಿ, ತಿಂಗಳುಗಳು ಕಳೆದು, ಎಷ್ಟೋ ಸಲ ತಕರಾರಿನೊಂದಿಗೆ ಬರುತ್ತದೆ. ಲಾಭ ಪುಸ್ತಕದಲ್ಲಿ ಬರೆದಿರುತ್ತದೆ, ದುಡ್ಡು ಕಂಪನಿಯ ಹತ್ತಿರ ಇರುತ್ತದೆ.

ಇಷ್ಟೆಲ್ಲ ಸ್ಟಾಕ್ ಹೇರಿದ ಮೇಲೆ, ಮಾರಲು ಡಿಸ್ಕೌಂಟ್ ಕೊಡುವ ಸ್ವಾತಂತ್ರ್ಯವಾದರೂ ಡೀಲರನಿಗೆ ಇದೆಯೇ ಎಂದರೆ, 2021ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ ಮಾರುತಿಗೆ 200 ಕೋಟಿ ದಂಡ ಹಾಕಿದ ಆದೇಶ ಓದಬೇಕು. ನಿಗದಿಗಿಂತ ಹೆಚ್ಚು ರಿಯಾಯಿತಿ ಕೊಡುವ ಡೀಲರನನ್ನು ಹಿಡಿಯಲು ಗಿರಾಕಿಯ ವೇಷದಲ್ಲಿ ಏಜೆನ್ಸಿಯವರನ್ನು ಕಳಿಸುತ್ತಿದ್ದರು ಎಂದು ಆಯೋಗ ಬರೆದಿದೆ. ಕಂಪನಿ ಮೇಲ್ಮನವಿ ಹಾಕಿತು.

ರೊಕ್ಕ ಎಲ್ಲಿ ಹೋಯಿತೆಂದು ಕೇಳಿದ ಮಾಲಕರ ವಿಷಯ ಹೇಳಿದೆನಲ್ಲ. ಅದಕ್ಕೆ ಉತ್ತರ ಸಿಗುವುದು ಮಾರ್ಚ್ 31ರ ಸ್ಟಾಕ್ ಎಣಿಕೆಯಲ್ಲಿ. ಊರ ಹೊರಗಿನ ಯಾರ್ಡು, ಕೆಂಪು ದೂಳು, ಒತ್ತಿ ನಿಲ್ಲಿಸಿದ ಗಾಡಿಗಳು. ಬ್ಯಾಟರಿ ಇಳಿದು ಕೆಲವಕ್ಕೆ ಬಾಗಿಲ ಲೈಟೂ ಹೊತ್ತುವುದಿಲ್ಲ, ಇಲಿ ವೈರು ಕಡಿದಿರುತ್ತದೆ. ಬ್ಯಾಂಕಿನ ಪಟ್ಟಿ ಹಿಡಿದು ಒಂದೊಂದೇ ಛಾಸಿ ನಂಬರು ನೋಡಬೇಕು. ಕೆಲವಕ್ಕೆ ಬಾನೆಟ್ ಎತ್ತಬೇಕು, ಕೆಲವಕ್ಕೆ ಸೀಟಿನ ಕೆಳಗಿನ ಕಾರ್ಪೆಟ್ ಸರಿಸಿ ಟಾರ್ಚ್ ಬಿಡಬೇಕು. ಪಟ್ಟಿಯಲ್ಲಿರುವ ಹದಿನೆಂಟು ಗಾಡಿ ಅಂಗಳದಲ್ಲಿಲ್ಲ. "ಗದಗ ಬ್ರಾಂಚಿಗೆ ಹೋಗ್ಯಾವ್ರಿ", "ಟೆಸ್ಟ್ ಡ್ರೈವಿಗೆ ಅದಾವ್ರಿ" ಎಂದು ಸ್ಟಾಕ್ ಹುಡುಗ ನೆಲ ನೋಡುತ್ತ ಹೇಳುತ್ತಾನೆ. ಅಷ್ಟರಲ್ಲಿ ನನಗೆ ತಿಳಿದು ಹೋಗಿರುತ್ತದೆ. ಗಾಡಿ ಮಾರಾಟವಾಗಿದೆ, ಗಿರಾಕಿ ಪೂರ್ತಿ ದುಡ್ಡು ಕಟ್ಟಿದ್ದಾನೆ, ಆ ದುಡ್ಡು ಬ್ಯಾಂಕಿಗೆ ಹೋಗದೆ ಹಿಂದಿನ ತಿಂಗಳ ಸಂಬಳಕ್ಕೋ ಬಾಡಿಗೆಗೋ ಹೊಸ ಗಾಡಿ ಎತ್ತಲಿಕ್ಕೋ ಹೋಗಿದೆ. ಕಾನೂನಿನ ಭಾಷೆಯಲ್ಲಿ ಇದು ನಂಬಿಕೆದ್ರೋಹ. ಇದನ್ನು ಮಾಡಿದವರೆಲ್ಲ ಮೋಸಗಾರರೇನಲ್ಲ, ಮುಂದಿನ ತಿಂಗಳು ದಸರಾ ಇದೆ ಎಂಬ ಆಸೆಯಲ್ಲಿ ಮಾಡಿದವರೇ ಬಹಳ. ಒಮ್ಮೆ ಹಾಗೆ ಮಾಡಿದ ಶೋರೂಮು ಮೊದಲಿನ ಸ್ಥಿತಿಗೆ ಬಂದದ್ದನ್ನು ಮಾತ್ರ ನಾನು ನೋಡಿಲ್ಲ.

ಹಳೆಯ ಡೀಲರುಗಳು ಇದೇ ಮಾರ್ಜಿನ್‌ನಲ್ಲಿ ಬದುಕಿದ್ದಾರಲ್ಲ ಎಂದರೆ, ಅವರಿಗೆ ಅನ್ನ ಹಾಕುವುದು ಹಿಂದಿನ ವರ್ಕ್‌ಶಾಪು. ಹತ್ತು ಹದಿನೈದು ವರ್ಷ ಮಾರಿದ ಗಾಡಿಗಳೆಲ್ಲ ಸರ್ವಿಸಿಗೆ, ಬಾಡಿ ರಿಪೇರಿಗೆ, ಇನ್ಶೂರೆನ್ಸಿಗೆ ಮರಳಿ ಬರುತ್ತವೆ. ಶೋರೂಮಿನ ಖರ್ಚನ್ನು ಅದೇ ತೂಗಿಸುತ್ತದೆ. ಜಾಗವೂ ಅಪ್ಪ ತೆಗೆದುಕೊಂಡದ್ದು, ಬಾಡಿಗೆ ಇಲ್ಲ. ಹೊಸಬನಿಗೆ ವರ್ಕ್‌ಶಾಪಿನಲ್ಲಿ ಹನ್ನೆರಡು ಬೇ ಇದ್ದರೆ ಗಾಡಿ ಬರುವುದು ಮೂರಕ್ಕೆ. ಜಾಗ ಲೀಸಿನದು. ಮೇಲಾಗಿ ಕಂಪನಿಯ ನಕ್ಷೆಯಂತೆಯೇ ಕಟ್ಟಬೇಕು: ಅವರು ಹೇಳಿದ ಟೈಲು, ಅವರು ಹೇಳಿದ ಗಾಜು, ಅವರು ಹೇಳಿದ ಕಡೆಯಿಂದ ತರಿಸಿದ ಸೋಫಾ. ಕೆಲವೇ ವರ್ಷಗಳಲ್ಲಿ ಬ್ರ್ಯಾಂಡಿನ ಬಣ್ಣ ಬದಲಾದರೆ ಎಲ್ಲ ಒಡೆದು ಮತ್ತೆ ಕಟ್ಟಬೇಕು. ಆ ಗಾಜಿನ ಮನೆ ಬೇರೆ ಯಾವ ವ್ಯಾಪಾರಕ್ಕೂ ಸರಿಯಾಗಿ ಹೊಂದುವುದಿಲ್ಲ. ನಮ್ಮಲ್ಲಿ ಒಂದು ಈಗ ಫರ್ನಿಚರ್ ಅಂಗಡಿ, ಇನ್ನೊಂದು ಮದುವೆ ಹಾಲ್.

ಹೀಗೆ ಬಿಗಿಯಾದ ಹಗ್ಗದ ಮೇಲೆ ನಿಂತವನಿಗೆ ಹೊರಗಿನ ಒಂದು ಗಾಳಿ ಸಾಕು. 2019ರಲ್ಲಿ ಗಿರಾಕಿ ಕಡಿಮೆಯಾದಾಗ ಹದಿನೆಂಟು ತಿಂಗಳಲ್ಲಿ 286 ಶೋರೂಮು ಮುಚ್ಚಿದವೆಂದು ಫಾಡಾ ಲೆಕ್ಕ ಕೊಟ್ಟಿತು. 2020ರ ಏಪ್ರಿಲ್ 1ರಿಂದ ಹಳೆಯ ಹೊಗೆ ಮಾನದಂಡದ ಬಿಎಸ್-4 ಗಾಡಿ ಮಾರುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಮೊದಲೇ ಹೇಳಿತ್ತು. ಸ್ಟಾಕ್ ಖಾಲಿ ಮಾಡಬೇಕಿದ್ದ ಕೊನೆಯ ವಾರದಲ್ಲೇ ಲಾಕ್‌ಡೌನ್ ಬಂತು. 2025ರಲ್ಲಿ ಜಿಎಸ್‌ಟಿ ಇಳಿಯುತ್ತದೆಂದು ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದರು. ಗಣೇಶನ ಹಬ್ಬಕ್ಕೆಂದು ಗಾಡಿ ತುಂಬಿಕೊಂಡಿದ್ದ ಡೀಲರುಗಳ ಮುಂದೆ ಗಿರಾಕಿಗಳು ಕೈಕಟ್ಟಿ ಕೂತರು, ಹೊಸ ದರ ಜಾರಿಯಾಗುವ ಸೆಪ್ಟೆಂಬರ್ 22 ಬರಲಿ ಎಂದು. ಗಿರಾಕಿಗೆ ಈಗ ಕಾಯುವುದಕ್ಕೆ ಖರ್ಚಿಲ್ಲ. ಆ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಜೊತೆಗಿದ್ದ ಸೆಸ್ ರದ್ದಾದಾಗ, ಗಾಡಿ ಕೊಳ್ಳುವಾಗ ಕಟ್ಟಿದ್ದ ಸೆಸ್‌ನ ಕ್ರೆಡಿಟ್ ಬಳಕೆಗೆ ಬಾರದೆ ಡೀಲರುಗಳ ಖಾತೆಯಲ್ಲಿ ಹಾಗೇ ಉಳಿಯಿತು. ದೇಶದಾದ್ಯಂತ ಅದು ಸುಮಾರು 2,500 ಕೋಟಿ ಎಂದರು.

ಇವೆಲ್ಲಕ್ಕಿಂತ ಕ್ರೂರವಾದದ್ದು ಕಂಪನಿಯೇ ಎದ್ದು ಹೋಗುವುದು. ಡೇವೂ ಮುಳುಗಿದ್ದು 2000ದಲ್ಲಿ. ಜನರಲ್ ಮೋಟರ್ಸ್ 2017ರ ಕೊನೆಗೆ ಇಲ್ಲಿ ಷೆವರ್ಲೆ ಮಾರುವುದನ್ನು ನಿಲ್ಲಿಸಿತು. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಅದರ 170 ಡೀಲರುಗಳು ಸುಮಾರು 2,000 ಕೋಟಿ ಹೂಡಿದ್ದರು. ಕೆಲವರನ್ನು ಕೆಲವೇ ತಿಂಗಳ ಹಿಂದೆ ಹೊಸದಾಗಿ ನೇಮಿಸಿಕೊಂಡಿದ್ದರು ಎಂದು ಫಾಡಾ ದೂರಿತು. ಅಮೆರಿಕದಲ್ಲಿ ಡೀಲರ್ ಕಂಪನಿಯನ್ನು ಕೋರ್ಟಿಗೆಳೆಯಲು 1956ರಲ್ಲೇ ಪ್ರತ್ಯೇಕ ಕಾಯಿದೆ ಆಯಿತು. ನಮ್ಮಲ್ಲಿ ಅಂಥದೊಂದು ಬೇಕೆಂದು ಸಂಸತ್ತಿನ ಕೈಗಾರಿಕಾ ಸ್ಥಾಯಿ ಸಮಿತಿ 2020ರಲ್ಲಿ ಶಿಫಾರಸು ಮಾಡಿತ್ತು.

ಊರ ಹೊಲದ ಉತಾರ, ಅಂದರೆ ಪಹಣಿ, ಹಿಡಿದುಕೊಂಡು "ಏಜೆನ್ಸಿ ಸಿಗ್ತದ ಅಂದ್ರ, ಏನ್ ಮಾಡೂಣು?" ಎಂದು ಈಗಲೂ ಹುಡುಗರು ನನ್ನ ಹತ್ತಿರ ಬರುತ್ತಾರೆ. ಬೇಡ ಎಂದು ನಾನು ಹೇಳುವುದಿಲ್ಲ. ಕಂಪನಿ ಹೋದರೆ ಸ್ಟಾಕ್, ಸ್ಪೇರ್, ಕಟ್ಟಡದ ಖರ್ಚನ್ನು ಯಾರು ವಾಪಸು ಕೊಡುತ್ತಾರೆ ಎಂಬುದು ಕರಾರಿನಲ್ಲಿ ಎಲ್ಲಿದೆ ತೋರಿಸು ಎನ್ನುತ್ತೇನೆ. ಬಂದ ಕರಾರುಗಳಲ್ಲಿ ಕಂಪನಿ ಯಾವಾಗ ಬೇಕಾದರೂ ನೋಟಿಸು ಕೊಟ್ಟು ಹೋಗಬಹುದು ಎಂಬ ಕಲಮು ಇರುತ್ತದೆ, ನಾನು ಕೇಳಿದ ಕಲಮು ಇರುವುದಿಲ್ಲ. ಅದನ್ನು ಬರೆಸಿಕೊಳ್ಳುವ ತನಕ, ಮೊದಲ ಮೂರು ವರ್ಷದ ನಷ್ಟ ತುಂಬುವಷ್ಟು ಸಾಲವಲ್ಲದ ಸ್ವಂತ ರೊಕ್ಕ ಕೈಯಲ್ಲಿರುವ ತನಕ, ಉತಾರವನ್ನು ಬ್ಯಾಂಕಿಗೆ ಕೊಡಬೇಡಿ.